ಗ್ರಾಹಕರ ದತ್ತಾಂಶದಿಂದ ಡ್ಯಾಶ್‌ಬೋರ್ಡ್: ತಂತ್ರಾಂಶದ ಆಯ್ಕೆ ಹೇಗೆ?

ದಿನದ ವ್ಯಾಪಾರ ಮುಗಿದ ಮೇಲೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ, ಕಿರ್ದಿಯಲ್ಲಿ ಜಮಾ-ಖರ್ಚು ಬರೆದು, ಉದ್ರಿ ಖಾತೆಯ ಪುಟಗಳನ್ನು ಒಮ್ಮೆ ತಿರುವಿ ನೋಡುವುದು ಕರ್ನಾಟಕದ ಅಂಗಡಿಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಪದ್ಧತಿ. ಯಾವ ಗಿರಾಕಿ ಎಷ್ಟು ದಿನಗಳಿಂದ ಬಂದಿಲ್ಲ, ಯಾರ ಬಾಕಿ ಬೆಳೆಯುತ್ತಿದೆ, ಯಾವ ಸರಕು ಕಪಾಟಿನಲ್ಲೇ ಉಳಿದಿದೆ ಎಂಬುದೆಲ್ಲ ಮಾಲೀಕರ ನೆನಪಿನಲ್ಲಿಯೇ ಇರುತ್ತಿತ್ತು. ಗ್ರಾಹಕರ ಸಂಖ್ಯೆ ನೂರರಿಂದ ಸಾವಿರಗಳಿಗೆ, ಮಳಿಗೆಗಳ ಸಂಖ್ಯೆ ಒಂದರಿಂದ ಮೂರಕ್ಕೆ ಏರಿದಾಗ ಆ ನೆನಪು ಸಾಲದಾಗುತ್ತದೆ.

2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂತು. ಇವುಗಳ ಬಳಿಕ ಸಣ್ಣ ಉದ್ದಿಮೆಗಳಲ್ಲಿಯೂ ಬಿಲ್ಲು, ಪಾವತಿ ಮತ್ತು ತೆರಿಗೆಯ ವಿವರಗಳು ಗಣಕಯಂತ್ರವನ್ನು ಸೇರಿದವು. 1986ರಲ್ಲಿ ಆರಂಭಗೊಂಡು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಸಂಸ್ಥೆಯ ಟ್ಯಾಲಿ ತಂತ್ರಾಂಶ ಊರೂರಿನ ಲೆಕ್ಕ ಬರೆಯುವವರಿಗೆ ಚಿರಪರಿಚಿತ. ಹೀಗೆ ಒಂದೆಡೆ ದತ್ತಾಂಶ ರಾಶಿ ಬೀಳುತ್ತಿದೆ. ಇನ್ನೊಂದೆಡೆ ಆ ರಾಶಿಯಿಂದ ನಕ್ಷೆ, ಪಟ್ಟಿ, ಸೂಚ್ಯಂಕಗಳನ್ನು ರಚಿಸಿ ಒಂದೇ ಪರದೆಯಲ್ಲಿ ತೋರಿಸುತ್ತೇವೆಂದು ಹೇಳುವ ತಂತ್ರಾಂಶಗಳು ಹತ್ತಾರು ಬಂದಿವೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆ ಸಾಮಾನ್ಯವಾಗಿ ಮೊದಲು ಏಳುತ್ತದೆ. ವಾಸ್ತವವಾಗಿ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮುಂಚೆ ಉತ್ತರಿಸಬೇಕಾದ ಪ್ರಶ್ನೆಗಳನ್ನು ಬಿಟ್ಟು ತಂತ್ರಾಂಶ ಕೊಂಡರೆ, ತಪ್ಪು ಅಂಕಿಯೇ ಅಂದವಾದ ಚಿತ್ರವಾಗಿ ಮಾಲೀಕರ ಮುಂದೆ ನಿಲ್ಲುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ.

ಡ್ಯಾಶ್‌ಬೋರ್ಡ್ ಎಂದರೇನು?

ಡ್ಯಾಶ್‌ಬೋರ್ಡ್ ಎಂಬ ಪದ ಹುಟ್ಟಿದ್ದು ಕುದುರೆ ಗಾಡಿಯ ಕಾಲದಲ್ಲಿ. ಓಡುವ ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸವಾರರ ಮೇಲೆ ಬೀಳದಂತೆ ಗಾಡಿಯ ಮುಂಭಾಗಕ್ಕೆ ಜೋಡಿಸುತ್ತಿದ್ದ ಹಲಗೆಗೆ ಈ ಹೆಸರಿತ್ತು. ಮುಂದೆ ಮೋಟಾರು ವಾಹನಗಳಲ್ಲಿ ವೇಗ, ಇಂಧನ, ಬಿಸಿ ತೋರಿಸುವ ಮಾಪಕಗಳಿರುವ ಭಾಗಕ್ಕೆ ಅದೇ ಹೆಸರು ಬಂತು. ಚಾಲಕ ರಸ್ತೆಯಿಂದ ಕಣ್ಣು ತೆಗೆಯದೆ, ಅರೆಕ್ಷಣದ ನೋಟದಲ್ಲಿ ವಾಹನದ ಸ್ಥಿತಿ ತಿಳಿಯಬೇಕೆಂಬುದು ಅದರ ಉದ್ದೇಶ.

ವ್ಯವಹಾರದ ಡ್ಯಾಶ್‌ಬೋರ್ಡಿನ ಉದ್ದೇಶವೂ ಅದೇ. ಈ ವಿಷಯದ ಬಗ್ಗೆ 2006ರಲ್ಲಿ ಪುಸ್ತಕ ಪ್ರಕಟಿಸಿದ ಅಮೆರಿಕದ ಸ್ಟೀಫನ್ ಫ್ಯೂ ಅವರ ವಿವರಣೆಯ ಸಾರ ಇಷ್ಟು: ಗುರಿ ಸಾಧನೆಗೆ ಅತ್ಯಗತ್ಯವಾದ ಮಾಹಿತಿ ಒಂದೇ ಪರದೆಯಲ್ಲಿ, ಒಂದೇ ನೋಟಕ್ಕೆ ಸಿಗುವಂತೆ ಇರಬೇಕು. ಪರದೆಯನ್ನು ಕೆಳಗೆ ಜಾರಿಸುತ್ತ ಇಪ್ಪತ್ತು ನಕ್ಷೆ ನೋಡಬೇಕಾದರೆ ಅದನ್ನು ವರದಿ ಎನ್ನಬಹುದು, ಡ್ಯಾಶ್‌ಬೋರ್ಡ್ ಎನ್ನಲಾಗದು.

ಮೊದಲು ಪ್ರಶ್ನೆ

ತಂತ್ರಾಂಶ ಹುಡುಕುವ ಮೊದಲು ಒಂದು ಕಾಗದದ ಮೇಲೆ, ಡ್ಯಾಶ್‌ಬೋರ್ಡ್ ನೋಡಿ ಕೈಗೊಳ್ಳಬೇಕಾದ ತೀರ್ಮಾನಗಳನ್ನು ಬರೆದುಕೊಳ್ಳುವುದು ಸರಿಯಾದ ಕ್ರಮ. ಸೀರೆ ಮಳಿಗೆಯೊಂದಕ್ಕೆ, ಕಳೆದ ವರ್ಷ ಹಬ್ಬದ ಕಾಲದಲ್ಲಿ ಖರೀದಿಸಿದವರಲ್ಲಿ ಈ ವರ್ಷ ಯಾರು ಬಂದಿಲ್ಲ ಎಂಬುದು ಮುಖ್ಯವಾಗಬಹುದು. ಗೊಬ್ಬರ, ಬೀಜ ಮಾರುವ ಅಂಗಡಿಗೆ ತೊಂಬತ್ತು ದಿನ ಮೀರಿದ ಉದ್ರಿ ಎಷ್ಟು, ಅದು ಯಾವ ಹೋಬಳಿಗಳಲ್ಲಿ ಹೆಚ್ಚು ಎಂಬುದು ಮುಖ್ಯ. ಮನೆ ಬಾಗಿಲಿಗೆ ನೀರಿನ ಕ್ಯಾನು ಪೂರೈಸುವವರಿಗೆ ಯಾವ ಬಡಾವಣೆಯಲ್ಲಿ ಬೇಡಿಕೆ ನಿಂತಿತು ಎಂಬುದೇ ಪ್ರಶ್ನೆ.

ಪ್ರತಿಯೊಂದು ಅಂಕಿಯನ್ನೂ ಒಂದು ಸರಳ ಪರೀಕ್ಷೆಗೆ ಒಡ್ಡಬಹುದು. ಈ ಅಂಕಿ ಏರಿದರೆ ಯಾರು, ಏನು ಮಾಡುತ್ತಾರೆ? ಇಳಿದರೆ ಏನು ಮಾಡುತ್ತಾರೆ? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ ಅಂಕಿಗೆ ಪರದೆಯಲ್ಲಿ ಸ್ಥಳ ಬೇಕಿಲ್ಲ. ಹೀಗೆ ಸೋಸಿದಾಗ ಐದಾರು ಅಂಕಿಗಳಷ್ಟೇ ಉಳಿಯುವುದು ಸಾಮಾನ್ಯ.

ಉಳಿದ ಅಂಕಿಗಳಿಗೆ ಖಚಿತ ವ್ಯಾಖ್ಯೆ ಬರೆದಿಡಬೇಕು. ಮಾರಾಟ ಎಂದಾಗ ಅದರಲ್ಲಿ ಜಿಎಸ್‌ಟಿ ಸೇರಿದೆಯೇ, ವಾಪಸು ಬಂದ ಸರಕಿನ ಬೆಲೆ ಕಳೆಯಲಾಗಿದೆಯೇ? ಸಕ್ರಿಯ ಗ್ರಾಹಕ ಎಂದರೆ ಕಳೆದ ಮೂವತ್ತು ದಿನಗಳಲ್ಲಿ ಬಂದವರೇ, ಹನ್ನೆರಡು ತಿಂಗಳಲ್ಲಿ ಬಂದವರೇ? ದಿನಸಿ ಅಂಗಡಿಗೆ ಮೂವತ್ತು ದಿನ ಸರಿ; ಮದುವೆಯ ಸೀರೆ ಮಾರುವ ಮಳಿಗೆಗೆ ಅದೇ ಅಳತೆ ಹಾಕಿದರೆ ಬಹುತೇಕ ಗ್ರಾಹಕರು ಕೈಬಿಟ್ಟು ಹೋದವರಂತೆ ಕಾಣುತ್ತಾರೆ. ಈ ವ್ಯಾಖ್ಯೆಯನ್ನು ಯಾವ ತಂತ್ರಾಂಶವೂ ತಾನಾಗಿ ಹೇಳಿಕೊಡುವುದಿಲ್ಲ. ವ್ಯಾಪಾರ ಬಲ್ಲವರೇ ಅದನ್ನು ನಿರ್ಧರಿಸಬೇಕು.

ಅನಂತರ ದತ್ತಾಂಶ

ಎರಡನೆಯ ಹೆಜ್ಜೆ, ಕೈಯಲ್ಲಿರುವ ದತ್ತಾಂಶದ ತಪಾಸಣೆ. ಒಂದು ಉದಾಹರಣೆಯಿಂದ ಇದರ ಮಹತ್ವ ತಿಳಿಯಬಹುದು. ಮೂರು ಮಳಿಗೆಗಳಿರುವ ಬಟ್ಟೆ ವ್ಯಾಪಾರವೊಂದನ್ನು ಕಲ್ಪಿಸಿಕೊಳ್ಳಬಹುದು. ಅದರ ವರ್ಷದ ಮಾರಾಟ 2.1 ಕೋಟಿ ರೂಪಾಯಿ. ಮೂರೂ ಮಳಿಗೆಗಳ ಪಟ್ಟಿ ಕೂಡಿಸಿದಾಗ 5,000 ಗ್ರಾಹಕರು. ಅಂದರೆ ತಲಾ ಗ್ರಾಹಕರ ಖರೀದಿ 4,200 ರೂಪಾಯಿ. ಈ 5,000 ಮಂದಿಯಲ್ಲಿ 1,500 ಜನ ಒಂದಕ್ಕಿಂತ ಹೆಚ್ಚು ಬಾರಿ ಖರೀದಿಸಿದ್ದಾರೆ. ಮರಳಿ ಬಂದವರ ಪ್ರಮಾಣ ಶೇ. 30.

ಪಟ್ಟಿಯನ್ನು ಪರಿಶೀಲಿಸಿದಾಗ 800 ಗ್ರಾಹಕರ ಹೆಸರು ಎರಡೆರಡು ಬಾರಿ ಸೇರಿರುವುದು ಪತ್ತೆಯಾಗುತ್ತದೆ ಎನ್ನೋಣ. ಒಂದು ಮಳಿಗೆಯಲ್ಲಿ ಮೊಬೈಲ್ ಸಂಖ್ಯೆಯ ಮುಂದೆ 91 ಸೇರಿಸಲಾಗಿದೆ, ಇನ್ನೊಂದರಲ್ಲಿ ಸೊನ್ನೆ. ವಾಸ್ತವದ ಗ್ರಾಹಕರು 4,200 ಮಾತ್ರ. ಹಾಗಾದರೆ ತಲಾ ಖರೀದಿ 5,000 ರೂಪಾಯಿ. ಈ 800ರಲ್ಲಿ 600 ಮಂದಿ ಒಂದೊಂದು ಮಳಿಗೆಯಲ್ಲಿ ಒಂದೊಂದು ಬಾರಿ ಖರೀದಿಸಿದ್ದರಿಂದ, ಹಳೆಯ ಪಟ್ಟಿಯಲ್ಲಿ ಒಮ್ಮೆ ಬಂದು ಹೋದ ಇಬ್ಬರಂತೆ ಕಾಣುತ್ತಿದ್ದರು. ಉಳಿದ 200 ಮಂದಿ ಮೊದಲೇ ಮರಳಿ ಬಂದವರ ಲೆಕ್ಕದಲ್ಲಿ ಒಮ್ಮೆ ಸೇರಿದ್ದರು. ಈಗ ಮರಳಿ ಬಂದವರು 2,100; ಪ್ರಮಾಣ ಶೇ. 50.

ಮಾರಾಟ ಒಂದು ರೂಪಾಯಿಯೂ ಬದಲಾಗಿಲ್ಲ. ಆದರೆ ಶೇ. 30 ಎಂಬ ಅಂಕಿಯನ್ನು ನಂಬಿದ ಮಾಲೀಕರು ಗ್ರಾಹಕರು ಕೈಬಿಟ್ಟು ಹೋಗುತ್ತಿದ್ದಾರೆಂದು ಭಾವಿಸಿ ರಿಯಾಯಿತಿಗೆ ಹಣ ಸುರಿಯಬಹುದು, ಅಥವಾ ಮಳಿಗೆಯ ಸಿಬ್ಬಂದಿಯ ನಡವಳಿಕೆಯೇ ಕಾರಣವೆಂದು ಯಾರನ್ನೋ ಕೆಲಸದಿಂದ ತೆಗೆಯಬಹುದು. ಕೆಟ್ಟ ದತ್ತಾಂಶದ ದಂಡವನ್ನು ತೆರುವವರು ಅದನ್ನು ದಾಖಲಿಸಿದವರೇ ಆಗಿರಬೇಕೆಂದಿಲ್ಲ.

ಕರ್ನಾಟಕದ ದತ್ತಾಂಶಕ್ಕೆ ಇನ್ನೂ ಕೆಲವು ವಿಶೇಷ ತೊಡಕುಗಳಿವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಬದಲಾದವು. ಬ್ಯಾಂಗಲೋರ್ ಬೆಂಗಳೂರಾಯಿತು, ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಬಿಲ್ಲುಗಳಲ್ಲಿ ಹಳೆಯ ಹೆಸರು, ಹೊಸ ಬಿಲ್ಲುಗಳಲ್ಲಿ ಹೊಸ ಹೆಸರು ಇದ್ದರೆ ತಂತ್ರಾಂಶ ಅವುಗಳನ್ನು ಎರಡು ಊರುಗಳೆಂದೇ ಎಣಿಸುತ್ತದೆ. ಊರಿನ ಹೆಸರಿನ ಬದಲು ಆರು ಅಂಕಿಗಳ ಪಿನ್‌ಕೋಡ್ ಆಧರಿಸಿ ವಿಂಗಡಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ. ಲಕ್ಷ್ಮೀ, ಬಸವರಾಜು ಮುಂತಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕಾಗುಣಿತ ಹಲವು ಬಗೆ. ಹೆಸರಿನ ಮುಂದೊಮ್ಮೆ, ಹಿಂದೊಮ್ಮೆ ಇನಿಷಿಯಲ್ ಬರುತ್ತದೆ. ಆದ್ದರಿಂದ ಗ್ರಾಹಕರನ್ನು ಹೆಸರಿನಿಂದ ಗುರುತಿಸುವುದಕ್ಕಿಂತ, ಪ್ರತಿಯೊಬ್ಬರಿಗೂ ಒಂದು ಗ್ರಾಹಕ ಸಂಖ್ಯೆ ಕೊಡುವುದು ಲೇಸು.

ಕನ್ನಡದಲ್ಲಿಯೇ ದಾಖಲಿಸಿದ ಪಟ್ಟಿಗಳಿದ್ದರೆ ಅವು ಯೂನಿಕೋಡ್‌ನಲ್ಲಿವೆಯೇ ಎಂದು ನೋಡಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಂಕೇತಗಳೇ ಆಗಿರುತ್ತವೆ. ಅಂಥ ಕಡತವನ್ನು ಡ್ಯಾಶ್‌ಬೋರ್ಡ್ ತಂತ್ರಾಂಶಕ್ಕೆ ಕೊಟ್ಟರೆ ಅರ್ಥವಿಲ್ಲದ ಅಕ್ಷರಮಾಲೆ ಮೂಡುತ್ತದೆ. ಮೊದಲು ಅವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಅನಿವಾರ್ಯ.

ಉಪಲಬ್ಧ ತಂತ್ರಾಂಶಗಳು

ಎಕ್ಸೆಲ್ ಮತ್ತು ಇತರ ಲೆಕ್ಕಹಾಳೆಗಳು: 1979ರಲ್ಲಿ ಬಂದ ವಿಸಿಕ್ಯಾಲ್ಕ್ ಗಣಕಯಂತ್ರದ ಲೆಕ್ಕಹಾಳೆಯನ್ನು ಜನಪ್ರಿಯಗೊಳಿಸಿತು, 1985ರಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್ ಬಂತು. ಸಣ್ಣ ಉದ್ದಿಮೆಗೆ ಇಂದಿಗೂ ಮೊದಲ ಡ್ಯಾಶ್‌ಬೋರ್ಡ್ ಇಲ್ಲಿಯೇ ತಯಾರಾಗಬಲ್ಲದು. ಪಿವಟ್ ಟೇಬಲ್ ಸೌಲಭ್ಯದಿಂದ ಗ್ರಾಹಕವಾರು, ತಿಂಗಳುವಾರು ಮೊತ್ತ ಕ್ಷಣದಲ್ಲಿ ದೊರೆಯುತ್ತದೆ. ಟ್ಯಾಲಿಯಿಂದ ವಿವರಗಳನ್ನು ಎಕ್ಸೆಲ್‌ಗೆ ಕಳುಹಿಸುವ ವ್ಯವಸ್ಥೆಯೂ ಇದೆ. ಖರ್ಚು ಮಾಡಲು ಇಷ್ಟವಿಲ್ಲದವರಿಗೆ ಉಚಿತವಾದ ಲಿಬ್ರೆಆಫೀಸ್ ಕ್ಯಾಲ್ಕ್ ಇದೆ.

ಆದರೆ ಲೆಕ್ಕಹಾಳೆಯ ಮಿತಿಗಳನ್ನು ಅರಿಯದೆ ಬಳಸಿದರೆ ಅನಾಹುತವಾಗುತ್ತದೆ. ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಕಡತದಲ್ಲಿ 65,536 ಸಾಲುಗಳಷ್ಟೇ ಹಿಡಿಯುತ್ತವೆ. 2007ರ ಆವೃತ್ತಿಯಿಂದ ಬಂದ ಹೊಸ ಮಾದರಿಯಲ್ಲಿ 10,48,576 ಸಾಲುಗಳು ಹಿಡಿಯುತ್ತವೆ. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಯೋಗಾಲಯಗಳ ಕೊರೋನಾ ಫಲಿತಾಂಶಗಳನ್ನು ಹಳೆಯ ಮಾದರಿಯ ಕಡತಕ್ಕೆ ತುಂಬುತ್ತಿತ್ತು. ಸಾಲುಗಳು ಮುಗಿದ ಮೇಲಿನ ವಿವರಗಳು ಸದ್ದಿಲ್ಲದೆ ಬಿಟ್ಟುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿನ ಪ್ರಕರಣಗಳು ದೈನಂದಿನ ಲೆಕ್ಕದಿಂದ ಹೊರಗುಳಿದವು. ಅವರ ಸಂಪರ್ಕಕ್ಕೆ ಬಂದವರನ್ನು ಎಚ್ಚರಿಸುವ ಕೆಲಸವೂ ತಡವಾಯಿತು. ಇದಲ್ಲದೆ ಎಕ್ಸೆಲ್ ಸಂಖ್ಯೆಗಳ ಮುಂದಿನ ಸೊನ್ನೆಯನ್ನು ಅಳಿಸುತ್ತದೆ, ಹದಿನೈದು ಅಂಕಿ ಮೀರಿದ ಸಂಖ್ಯೆಯ ಕೊನೆಯ ಅಂಕಿಗಳನ್ನು ಸೊನ್ನೆಯಾಗಿಸುತ್ತದೆ, ದಿನ-ತಿಂಗಳುಗಳನ್ನು ಅದಲುಬದಲು ಮಾಡಬಲ್ಲದು. ಮೊಬೈಲ್ ಸಂಖ್ಯೆ, ಗ್ರಾಹಕ ಸಂಖ್ಯೆಗಳನ್ನು ಪಠ್ಯವೆಂದು ಸೂಚಿಸಿಯೇ ತುಂಬುವುದು ಕ್ಷೇಮ.

ಪವರ್ ಬಿಐ: ಮೈಕ್ರೋಸಾಫ್ಟ್ 2015ರ ಜುಲೈನಲ್ಲಿ ಸಾರ್ವಜನಿಕ ಬಳಕೆಗೆ ತಂದ ತಂತ್ರಾಂಶ. ಎಕ್ಸೆಲ್ ಬಲ್ಲವರಿಗೆ ಇದರ ಆರಂಭ ಸುಲಭ. ಡ್ಯಾಶ್‌ಬೋರ್ಡ್ ರಚಿಸುವ ಡೆಸ್ಕ್‌ಟಾಪ್ ಆವೃತ್ತಿ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ರಚಿಸಿದ್ದನ್ನು ಸಂಸ್ಥೆಯ ಇತರರೊಡನೆ ಹಂಚಿಕೊಳ್ಳಲು ಸಾಮಾನ್ಯವಾಗಿ ರಚಿಸುವವರಿಗೂ ನೋಡುವವರಿಗೂ ಪ್ರೊ ಪರವಾನಗಿ ಬೇಕು. ದತ್ತಾಂಶ ಅಂಗಡಿಯ ಗಣಕಯಂತ್ರದಲ್ಲಿಯೇ ಇದ್ದರೆ, ಅದು ತಾನಾಗಿ ನವೀಕರಣಗೊಳ್ಳಲು ಗೇಟ್‌ವೇ ಎಂಬ ಸಹಾಯಕ ತಂತ್ರಾಂಶವನ್ನು ಸ್ಥಾಪಿಸಬೇಕು ಮತ್ತು ಆ ಯಂತ್ರ ಚಾಲೂ ಇರಬೇಕು. ರಾತ್ರಿ ವಿದ್ಯುತ್ ಹೋದರೆ ಬೆಳಗಿನ ಅಂಕಿ ನಿನ್ನೆಯದೇ ಆಗಿರುತ್ತದೆ. ಸಂಕೀರ್ಣ ಲೆಕ್ಕಗಳಿಗೆ ಡ್ಯಾಕ್ಸ್ ಎಂಬ ಸೂತ್ರಭಾಷೆ ಕಲಿಯಬೇಕು. ಇದಕ್ಕೆ ತಾಳ್ಮೆ ಅಗತ್ಯ.

ಟ್ಯಾಬ್ಲೋ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ 2003ರಲ್ಲಿ ಹುಟ್ಟಿದ ಸಂಸ್ಥೆಯ ತಂತ್ರಾಂಶ. 2019ರಲ್ಲಿ ಸೇಲ್ಸ್‌ಫೋರ್ಸ್ ಇದನ್ನು 15.7 ಶತಕೋಟಿ ಡಾಲರ್‌ಗಳ ಒಪ್ಪಂದದಲ್ಲಿ ಕೊಂಡಿತು. ದತ್ತಾಂಶವನ್ನು ಹಲವು ಬಗೆಯಲ್ಲಿ ತಿರುಗಿಸಿ ನೋಡುವ, ನಕ್ಷೆಗಳಲ್ಲಿ ಶೋಧಿಸುವ ವಿಶ್ಲೇಷಕರಿಗೆ ಇದು ಪ್ರಿಯ. ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಉಚಿತವಾಗಿ ಸಿಗುವ ಟ್ಯಾಬ್ಲೋ ಪಬ್ಲಿಕ್‌ನಲ್ಲಿ ಪ್ರಕಟಿಸಿದ್ದು ಜಗತ್ತಿಗೆಲ್ಲ ಕಾಣುವಂಥದು. ಗ್ರಾಹಕರ ಹೆಸರು, ವಿಳಾಸ, ಖರೀದಿಯ ವಿವರಗಳಿಗೆ ಅದು ಸಲ್ಲದು.

ಲುಕರ್ ಸ್ಟುಡಿಯೋ: ಗೂಗಲ್ 2016ರಲ್ಲಿ ಡೇಟಾ ಸ್ಟುಡಿಯೋ ಎಂಬ ಹೆಸರಿನಲ್ಲಿ ಆರಂಭಿಸಿ, 2022ರಲ್ಲಿ ಈ ಹೆಸರಿಟ್ಟ ಸೇವೆ. ಬ್ರೌಸರ್‌ನಲ್ಲಿಯೇ ನಡೆಯುತ್ತದೆ, ಮೂಲ ಸೇವೆ ಉಚಿತ. ಗೂಗಲ್ ಶೀಟ್ಸ್‌ನಲ್ಲಿ ಲೆಕ್ಕ ಇಡುವವರಿಗೆ, ಜಾಲತಾಣದ ಭೇಟಿಗಳನ್ನು ಗಮನಿಸುವವರಿಗೆ ಅನುಕೂಲ. ಕೊಂಡಿ ಇರುವ ಯಾರಿಗೂ ತೆರೆದುಕೊಳ್ಳುವಂತೆ ಹಂಚುವ ಆಯ್ಕೆ ಇರುವುದರಿಂದ, ಆ ಕೊಂಡಿ ವಾಟ್ಸ್ಆ್ಯಪ್‌ನಲ್ಲಿ ಕೈಯಿಂದ ಕೈಗೆ ಹೋಗದಂತೆ ನೋಡಿಕೊಳ್ಳುವ ಹೊಣೆ ಬಳಸುವವರದು.

ಜೋಹೋ ಅನಲಿಟಿಕ್ಸ್: 1996ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ, ಚೆನ್ನೈಯಲ್ಲಿ ಕೇಂದ್ರ ಕಚೇರಿ ಹೊಂದಿರುವ ಜೋಹೋ ಸಂಸ್ಥೆಯ ಸೇವೆ. ಗ್ರಾಹಕ ಸಂಪರ್ಕ, ಬಿಲ್ಲಿಂಗ್ ಕೆಲಸಗಳಿಗೆ ಅದೇ ಸಂಸ್ಥೆಯ ಇತರ ತಂತ್ರಾಂಶ ಬಳಸುವವರಿಗೆ ಜೋಡಣೆ ಸುಲಭ. ದರ ನಿಗದಿಯಲ್ಲಿ ಬಳಕೆದಾರರ ಸಂಖ್ಯೆಯ ಜೊತೆಗೆ ದತ್ತಾಂಶದ ಸಾಲುಗಳ ಸಂಖ್ಯೆಯೂ ಸೇರುವುದರಿಂದ, ಮುಂದಿನ ಎರಡು ಮೂರು ವರ್ಷಗಳಲ್ಲಿ ಬಿಲ್ಲುಗಳು ಎಷ್ಟಾಗುತ್ತವೆ ಎಂಬ ಅಂದಾಜು ಮಾಡಿಕೊಳ್ಳಬೇಕು.

ಮೆಟಾಬೇಸ್ ಮತ್ತು ಸೂಪರ್‌ಸೆಟ್: ಇವು ಮುಕ್ತ ತಂತ್ರಾಂಶಗಳು. ಮೆಟಾಬೇಸ್ 2015ರಲ್ಲಿ ಬಿಡುಗಡೆಯಾಯಿತು. ಪ್ರಶ್ನಾಭಾಷೆ ಬಾರದವರೂ ಆಯ್ಕೆಗಳನ್ನು ಒತ್ತಿ ಉತ್ತರ ಪಡೆಯುವಂತೆ ಅದರ ರಚನೆಯಿದೆ. ಸೂಪರ್‌ಸೆಟ್ ಅದೇ ವರ್ಷ ಏರ್‌ಬಿಎನ್‌ಬಿ ಸಂಸ್ಥೆಯೊಳಗೆ ಹುಟ್ಟಿ, 2021ರಲ್ಲಿ ಅಪಾಚೆ ಪ್ರತಿಷ್ಠಾನದ ಪ್ರಮುಖ ಯೋಜನೆಗಳ ಸಾಲಿಗೆ ಸೇರಿತು. ಎಸ್‌ಕ್ಯೂಎಲ್ ಬಲ್ಲವರಿಗೆ ಹೆಚ್ಚು ಹೊಂದುತ್ತದೆ. ಎರಡನ್ನೂ ಸ್ವಂತ ಸರ್ವರ್‌ನಲ್ಲಿ ಪರವಾನಗಿ ಶುಲ್ಕವಿಲ್ಲದೆ ಸ್ಥಾಪಿಸಬಹುದು. ಗ್ರಾಹಕರ ದತ್ತಾಂಶ ಸಂಸ್ಥೆಯಿಂದ ಹೊರಗೆ ಹೋಗುವುದಿಲ್ಲ ಎಂಬುದು ದೊಡ್ಡ ಲಾಭ. ಸರ್ವರ್ ನೋಡಿಕೊಳ್ಳುವ, ಭದ್ರತೆಯ ಪರಿಷ್ಕರಣೆಗಳನ್ನು ಕಾಲಕಾಲಕ್ಕೆ ಹಾಕುವ, ಪ್ರತಿ ತೆಗೆದಿಡುವ ವ್ಯಕ್ತಿ ಬೇಕೆಂಬುದು ಅದರ ಬೆಲೆ. ಒಬ್ಬೊಬ್ಬರಿಗೆ ಒಂದೊಂದು ಮಳಿಗೆಯ ಸಾಲುಗಳಷ್ಟೇ ಕಾಣುವಂತೆ ಮಾಡುವ ಸೌಲಭ್ಯ ಮೆಟಾಬೇಸ್‌ನ ಶುಲ್ಕ ಸಹಿತ ಆವೃತ್ತಿಗಳಲ್ಲಿದೆ ಎಂಬುದನ್ನೂ ಗಮನಿಸಬೇಕು.

ವೆಚ್ಚದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಇಲ್ಲಿ ಅಂಕಿಗಳಲ್ಲಿಯೇ ಪರೀಕ್ಷಿಸಬಹುದು. ಪವರ್ ಬಿಐ ಪ್ರೊ ಪರವಾನಗಿಯ ಪಟ್ಟಿ ದರ 2025ರ ಏಪ್ರಿಲ್‌ನಲ್ಲಿ ಒಬ್ಬರಿಗೆ ತಿಂಗಳಿಗೆ 10 ಡಾಲರ್‌ನಿಂದ 14 ಡಾಲರ್‌ಗೆ ಏರಿತು. ಆ ದರದಲ್ಲಿ ಹತ್ತು ಮಂದಿ ನೋಡಬೇಕಾದರೆ ವರ್ಷಕ್ಕೆ 1,680 ಡಾಲರ್, ತೆರಿಗೆ ಬೇರೆ. ಹಳೆಯ ದರದಲ್ಲಿ ಇದು 1,200 ಡಾಲರ್ ಆಗುತ್ತಿತ್ತು. ಡಾಲರ್‌ನಲ್ಲಿ ನಿಗದಿಯಾದ ದರ ವ್ಯಾಪಾರಿಯ ಹತೋಟಿಯಲ್ಲಿಲ್ಲದ ಎರಡು ಸಂಗತಿಗಳಿಂದ ಏರುತ್ತದೆ: ಮಾರುವವರ ತೀರ್ಮಾನ ಮತ್ತು ರೂಪಾಯಿಯ ವಿನಿಮಯ ದರ.

ಹಾಗಾಗಿ ಹತ್ತೂ ಮಂದಿಗೆ ನೇರ ಪ್ರವೇಶ ಬೇಕೇ, ಇಬ್ಬರಿಗೆ ಪ್ರವೇಶವಿದ್ದು ಉಳಿದವರಿಗೆ ಪ್ರತಿ ಸೋಮವಾರ ಒಂದು ಪುಟದ ಪಿಡಿಎಫ್ ಸಿಕ್ಕರೆ ಸಾಕೇ ಎಂದು ಯೋಚಿಸಬೇಕು. ಪರವಾನಗಿಗಿಂತ ದೊಡ್ಡ ವೆಚ್ಚ ಬಹಳ ಸಲ ಮನುಷ್ಯರ ಸಮಯದ್ದು: ದತ್ತಾಂಶ ಶುದ್ಧೀಕರಣ, ತರಬೇತಿ, ಬದಲಾವಣೆ. ಹೊರಗಿನ ಸಲಹೆಗಾರರು ರಚಿಸಿ ಹೋದ ಡ್ಯಾಶ್‌ಬೋರ್ಡನ್ನು ಅರಿತು ತಿದ್ದಬಲ್ಲವರು ಸಂಸ್ಥೆಯೊಳಗೆ ಒಬ್ಬರಾದರೂ ಇಲ್ಲದಿದ್ದರೆ, ಮೊದಲ ತೆರಿಗೆ ದರದ ಬದಲಾವಣೆಗೇ ಅದು ತಪ್ಪು ತೋರಿಸತೊಡಗುತ್ತದೆ.

ಗ್ರಾಹಕರ ಖಾಸಗಿತನ

ಬಿಲ್ಲಿಗಾಗಿ ಮೊಬೈಲ್ ಸಂಖ್ಯೆ ಕೊಟ್ಟ ಗ್ರಾಹಕರು ತಮ್ಮ ಖರೀದಿಯ ಇತಿಹಾಸ ಮಳಿಗೆಯ ಎಲ್ಲ ಸಿಬ್ಬಂದಿಯ ಫೋನಿನಲ್ಲಿ ಕಾಣಲಿ ಎಂದು ಒಪ್ಪಿರುವುದಿಲ್ಲ. ಔಷಧಿ ಅಂಗಡಿ, ಆಭರಣದ ಮಳಿಗೆ, ಸಾಲ ಕೊಡುವ ಸಂಘಗಳಲ್ಲಿ ಈ ವಿವರ ಸೋರಿಹೋದರೆ ಆಗುವ ಹಾನಿ ಊಹೆಗೆ ಮೀರಿದ್ದಲ್ಲ. ಭಾರತದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಯವರ ಅಂಕಿತ ದೊರೆಯಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳ ಪಾಲನೆಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು. ಪಡೆದ ಉದ್ದೇಶಕ್ಕಷ್ಟೇ ದತ್ತಾಂಶ ಬಳಸಬೇಕು, ತಕ್ಕ ಭದ್ರತೆ ಒದಗಿಸಬೇಕು ಎಂಬುದು ಕಾಯ್ದೆಯ ಆಶಯ. ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಇದರಿಂದ ತಂತ್ರಾಂಶದ ಆಯ್ಕೆಗೆ ಕೆಲವು ಖಚಿತ ಅಳತೆಗಳು ದೊರೆಯುತ್ತವೆ. ಯಾರು ಯಾವ ಸಾಲು ನೋಡಬಹುದು ಎಂದು ನಿರ್ಬಂಧಿಸಲು ಬರುತ್ತದೆಯೇ? ಕೆಲಸ ಬಿಟ್ಟವರ ಪ್ರವೇಶವನ್ನು ಅದೇ ದಿನ ರದ್ದು ಮಾಡಲು ಸಾಧ್ಯವೇ? ದತ್ತಾಂಶ ಎಲ್ಲಿ ಶೇಖರವಾಗುತ್ತದೆ? ಸೇವೆ ನಿಲ್ಲಿಸಿದಾಗ ಅದನ್ನು ಪೂರ್ತಿಯಾಗಿ ಹಿಂಪಡೆದು ಅಳಿಸಲು ಅವಕಾಶವಿದೆಯೇ? ಇವಕ್ಕಿಂತ ಸುಲಭವಾದ ಉಪಾಯವೂ ಒಂದಿದೆ. ಪರದೆಗೆ ಬೇಕಾದುದು ಬಡಾವಣೆವಾರು ಮೊತ್ತವಾದರೆ, ಹೆಸರು ಮತ್ತು ಮೊಬೈಲ್ ಸಂಖ್ಯೆಯ ಕಾಲಂಗಳನ್ನು ಡ್ಯಾಶ್‌ಬೋರ್ಡ್ ತಂತ್ರಾಂಶಕ್ಕೆ ಕಳುಹಿಸುವುದೇ ಬೇಡ. ಗ್ರಾಹಕ ಸಂಖ್ಯೆಯೊಂದೇ ಸಾಕು. ಇಲ್ಲದ ವಿವರ ಸೋರಲಾರದು.

ಅಂಕಿಯೇ ಗುರಿಯಾದಾಗ

ಡ್ಯಾಶ್‌ಬೋರ್ಡಿನಲ್ಲಿ ದಿನವೂ ಕಾಣುವ ಅಂಕಿ ಕ್ರಮೇಣ ಸಿಬ್ಬಂದಿಯ ಗುರಿಯಾಗುತ್ತದೆ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯದು ಎಂಬ ತತ್ತ್ವ, 1975ರಲ್ಲಿ ಅದರ ಮೂಲ ವಿಚಾರವನ್ನು ಮಂಡಿಸಿದ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ.

ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ಇದಕ್ಕೆ ಸಾಕ್ಷಿ. ಒಬ್ಬ ಗ್ರಾಹಕರಿಗೆ ಎಷ್ಟು ಖಾತೆ, ಕಾರ್ಡು ಮುಂತಾದ ಸೇವೆಗಳನ್ನು ಮಾರಲಾಗಿದೆ ಎಂಬ ಅಂಕಿಯನ್ನು ಅಲ್ಲಿ ಯಶಸ್ಸಿನ ಮುಖ್ಯ ಅಳತೆಯಾಗಿ ಇಟ್ಟುಕೊಳ್ಳಲಾಗಿತ್ತು. ಶಾಖೆಗಳ ಸಿಬ್ಬಂದಿ ಆ ಅಂಕಿ ಮುಟ್ಟುವ ಒತ್ತಡದಲ್ಲಿ ಗ್ರಾಹಕರ ಅನುಮತಿಯಿಲ್ಲದೆಯೇ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 185 ದಶಲಕ್ಷ ಡಾಲರ್ ದಂಡ ಬಿತ್ತು. ಸುಮಾರು 5,300 ಸಿಬ್ಬಂದಿ ಕೆಲಸ ಕಳೆದುಕೊಂಡದ್ದು ಬಯಲಾಯಿತು. ಅನುಮತಿಯಿಲ್ಲದೆ ತೆರೆದಿರಬಹುದಾದ ಖಾತೆಗಳು ಸುಮಾರು 35 ಲಕ್ಷವೆಂದು 2017ರಲ್ಲಿ ಅಂದಾಜಿಸಲಾಯಿತು. ಅಲ್ಲಿ ಕೊರತೆ ಇದ್ದುದು ತಂತ್ರಾಂಶದ್ದಲ್ಲ, ಆರಿಸಿಕೊಂಡ ಅಳತೆಯದ್ದು. ಆದ್ದರಿಂದ ಮಾರಾಟದ ಅಂಕಿಯ ಪಕ್ಕದಲ್ಲಿಯೇ ದೂರು, ವಾಪಸಾತಿ, ರದ್ದತಿಗಳಂಥ ಎದುರು ಅಂಕಿಯನ್ನೂ ತೋರಿಸುವುದು ವಿವೇಕ.

ಆಯ್ಕೆಯ ಕ್ರಮ

ಪ್ರಶ್ನೆ, ವ್ಯಾಖ್ಯೆ, ದತ್ತಾಂಶಗಳು ಸಿದ್ಧವಾದ ಬಳಿಕ ಆಯ್ಕೆ ಕಷ್ಟವಲ್ಲ. ಒಂದೇ ಕಡತವನ್ನು ಎರಡು ಅಥವಾ ಮೂರು ತಂತ್ರಾಂಶಗಳಿಗೆ ಕೊಟ್ಟು, ಒಂದೇ ಡ್ಯಾಶ್‌ಬೋರ್ಡನ್ನು ರಚಿಸಿ ನೋಡಬೇಕು. ಮಾರುವವರು ತೋರಿಸುವ ಮಾದರಿ ದತ್ತಾಂಶ ಸದಾ ಶುದ್ಧವಾಗಿರುತ್ತದೆ. ಪರೀಕ್ಷೆ ನಡೆಯಬೇಕಾದುದು ಸ್ವಂತ ಅಂಗಡಿಯ ಕೊಳೆಯಾದ ಕಡತದ ಮೇಲೆ. ಗ್ರಾಹಕರ ಹೆಸರು ಮತ್ತು ಮೊಬೈಲ್ ಸಂಖ್ಯೆಗಳನ್ನು ತೆಗೆದ ಮೇಲೆಯೇ ಆ ಕಡತವನ್ನು ಕೊಡಬೇಕು. ಪರೀಕ್ಷೆಯ ವೇಳೆ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಒಂದು ತಿಂಗಳ ಮಾರಾಟದ ಮೊತ್ತ ಲೆಕ್ಕಪುಸ್ತಕದ ಮೊತ್ತಕ್ಕೆ ಪೈಸೆಯವರೆಗೆ ತಾಳೆಯಾಗುತ್ತದೆಯೇ?

2. ಹೊಸ ತಿಂಗಳ ದತ್ತಾಂಶ ಸೇರಿಸಲು ಎಷ್ಟು ಹೊತ್ತು ಬೇಕು? ಕೈಯಿಂದ ಮಾಡುವ ಹಂತಗಳೆಷ್ಟು?

3. ಕೊನೆಯ ಬಾರಿ ಯಾವಾಗ ನವೀಕರಣವಾಯಿತು ಎಂಬುದು ಪರದೆಯ ಮೇಲೆ ಕಾಣುತ್ತದೆಯೇ? ನವೀಕರಣ ವಿಫಲವಾದರೆ ಸೂಚನೆ ಬರುತ್ತದೆಯೇ?

4. ಕನ್ನಡದ ಒತ್ತಕ್ಷರಗಳು ಪರದೆಯಲ್ಲಿಯೂ, ಮುದ್ರಿಸಿದ ಪ್ರತಿಯಲ್ಲಿಯೂ, ಪಿಡಿಎಫ್‌ನಲ್ಲಿಯೂ ಸರಿಯಾಗಿ ಮೂಡುತ್ತವೆಯೇ?

5. ಮಾಲೀಕರು ನೋಡುವುದು ಮೊಬೈಲಿನಲ್ಲಾದರೆ ಆ ಚಿಕ್ಕ ಪರದೆಯಲ್ಲಿ ಅಂಕಿಗಳು ಓದಲು ಬರುತ್ತವೆಯೇ?

6. ತಂತ್ರಾಂಶ ಬಿಡಬೇಕಾಗಿ ಬಂದರೆ ದತ್ತಾಂಶವೂ, ಬರೆದ ಸೂತ್ರಗಳೂ ಹೊರಗೆ ಬರುತ್ತವೆಯೇ?

ನಕ್ಷೆಗಳ ವೈವಿಧ್ಯಕ್ಕೆ ಮರುಳಾಗಬೇಕಿಲ್ಲ. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮನುಷ್ಯರ ಕಣ್ಣು ಕೋನ ಮತ್ತು ವಿಸ್ತೀರ್ಣಗಳಿಗಿಂತ ಸ್ಥಾನ ಮತ್ತು ಉದ್ದಗಳನ್ನು ಹೆಚ್ಚು ನಿಖರವಾಗಿ ಅಳೆಯುತ್ತದೆ. ವೃತ್ತಾಕಾರದ ನಕ್ಷೆಗಿಂತ ಸಾಮಾನ್ಯ ಸ್ತಂಭ ನಕ್ಷೆ ಮೇಲು ಎಂಬುದಕ್ಕೆ ಇದು ಆಧಾರ. ಕೆಂಪು-ಹಸಿರುಗಳ ಭೇದ ಕಾಣದವರೂ ಇರುವುದರಿಂದ ಬಣ್ಣದ ಜೊತೆಗೆ ಅಂಕಿಯನ್ನೂ ಬರೆಯಬೇಕು.

ಒಟ್ಟಾರೆ ಹೇಳುವುದಾದರೆ, ಒಂದೇ ಮಳಿಗೆ, ಕೆಲವು ಸಾವಿರ ಬಿಲ್ಲುಗಳು, ನೋಡುವವರು ಒಬ್ಬಿಬ್ಬರು ಇದ್ದಲ್ಲಿ ಲೆಕ್ಕಹಾಳೆ ಸಾಕು. ಲೆಕ್ಕವೆಲ್ಲ ಗೂಗಲ್ ಶೀಟ್ಸ್‌ನಲ್ಲಿದ್ದರೆ ಲುಕರ್ ಸ್ಟುಡಿಯೋದಿಂದ ಆರಂಭಿಸಬಹುದು. ಹಲವು ಮಳಿಗೆ, ಹಲವು ಮೂಲಗಳ ದತ್ತಾಂಶ, ಎಕ್ಸೆಲ್ ಬಲ್ಲ ಸಿಬ್ಬಂದಿ ಇದ್ದರೆ ಪವರ್ ಬಿಐ ಅಥವಾ ಜೋಹೋ ಅನಲಿಟಿಕ್ಸ್ ಹೊಂದುತ್ತವೆ. ಪೂರ್ಣಾವಧಿ ವಿಶ್ಲೇಷಕರಿರುವ ಸಂಸ್ಥೆಗೆ ಟ್ಯಾಬ್ಲೋ, ಸ್ವಂತ ಸರ್ವರ್ ಮತ್ತು ತಂತ್ರಜ್ಞರಿರುವಲ್ಲಿ ಮೆಟಾಬೇಸ್ ಅಥವಾ ಸೂಪರ್‌ಸೆಟ್ ಸೂಕ್ತ. ಚಿಕ್ಕದರಿಂದ ಆರಂಭಿಸಿ, ಅದರ ಮಿತಿ ತಾಕಿದಾಗ ಮುಂದಿನದಕ್ಕೆ ಹೋಗುವುದರಿಂದ ನಷ್ಟವಿಲ್ಲ; ಶುದ್ಧಗೊಳಿಸಿದ ದತ್ತಾಂಶ ಮತ್ತು ಬರೆದಿಟ್ಟ ವ್ಯಾಖ್ಯೆಗಳು ಯಾವ ತಂತ್ರಾಂಶಕ್ಕೆ ಹೋದರೂ ಜೊತೆಗೆ ಬರುತ್ತವೆ.

ಡ್ಯಾಶ್‌ಬೋರ್ಡ್ ಸಿದ್ಧವಾದ ಮೇಲೂ ತಿಂಗಳಿಗೊಮ್ಮೆ ಅದರ ಒಂದು ಅಂಕಿಯನ್ನಾದರೂ ಮೂಲ ಬಿಲ್ಲುಗಳಿಗೆ ಹೋಲಿಸಿ ನೋಡುವುದು, ಕೈಬಿಟ್ಟು ಹೋದವರೆಂದು ಪರದೆ ತೋರಿಸುವ ಗ್ರಾಹಕರಲ್ಲಿ ನಾಲ್ಕಾರು ಮಂದಿಯನ್ನು ಮಾತನಾಡಿಸುವುದು ಒಳ್ಳೆಯ ರೂಢಿ. ಗ್ರಾಹಕರು ಎಷ್ಟು ದಿನಗಳಿಂದ ಬಂದಿಲ್ಲ ಎಂಬುದನ್ನು ಪರದೆ ತೋರಿಸಬಲ್ಲದು. ಏಕೆ ಬಂದಿಲ್ಲ ಎಂಬುದನ್ನು ಅವರನ್ನೇ ಕೇಳಿ ತಿಳಿಯಬೇಕು.